ಅರಿಷಿಣ ಕುಡಿದ ದೋಣಿ

“ಕಾಲ ಎತ್ತರಿ. ಎತ್ತತೀರೋ, ಇಲ್ಲಾ ಈ ಬ್ರಶ್ಶಿಲೆ ಬಡೀಲೋ? ಇದೇನ ನಿಮ್ಮಪ್ಪನ ಕಣಾ ಅಂದ್ಕೊಂಡೀರೇನ, ಬೂಟ ಹಾಕ್ಕೊಂಡ ತುಳ್ಯಾಕ?”

ದೋಣಿಯ ಮೂತಿಯ ಕಡೆ ಮೊಣಕಾಲೂರಿ ಕೂತಿದ್ದ ಹನಮವ್ವ ಬ್ರಶ್ಶು ಹಿಡಿದೇ ಎದ್ದು ನಿಂತಳು. ಗೌಡರ ಮ್ಯಾನೇಜರ ಶ್ರೀಶೈಲಪ್ಪ ಒಂದು ಕಾಲು ಏಣಿಯ ಮೇಲೆ, ಒಂದು ಕಾಲು ಹಲಗೆಯ ಮೇಲೆ ಇಟ್ಟುಕೊಂಡು, ಮುಂದೆ ಹೋಗಲೂ ಆಗದೆ ಹಿಂದೆ ಇಳಿಯಲೂ ಆಗದೆ ಸಿಕ್ಕಿಬಿದ್ದಿದ್ದ. ಹತ್ತು ದಿನ ಉಜ್ಜಿ ತೊಳೆದು ಒಣಗಿಸಿದ ಸಾಗವಾನಿ ಹಲಗೆ. ಅದರ ಮೇಲೆ ಅವನ ಬೂಟಿನ ಅಂಗಾಲು ಹೊಳೆದಂಡೆಯ ಕಪ್ಪು ಮಣ್ಣನ್ನು ಅಚ್ಚೊತ್ತಿತ್ತು.

“ಬಾಯಿ ಬಿಗಿ ಹಿಡಿ, ಹನಮಿ,” ಅಂದ ಶ್ರೀಶೈಲಪ್ಪ. “ನಾ ಬೂಟ ಬಿಡೂ ಮಾತಲ್ಲ ಇದು. ನೀನ ಕೆಳಗ ಇಳೀಬೇಕು. ಇವತ್ತಿಂದ ನಿಮ್ಮ ಪೈಕಿ ಯಾರೂ ಇದರ ಮ್ಯಾಲ ಕಾಲಿಡೂಹಂಗಿಲ್ಲ. ಗೌಡ್ರು ಹೇಳ್ಯಾರ.”

“ಯಾ ಗೌಡ್ರು? ನಿನ್ನಿ ಸಂಜಿಕ ಚಪ್ಪಲಿ ಕೈಯಾಗ ಹಿಡಕೊಂಡ ಇಲ್ಲೇ ನಿಂತಿದ್ರಲ್ಲ, ಆ ಗೌಡ್ರೇನು?”

ಕೆಳಗೆ ನಗೆ ಎದ್ದಿತು. ದೋಣಿಯನ್ನು ದಿಮ್ಮಿಗಳ ಮೇಲೆ ಉರುಳಿಸಿ ನೀರಿನ ಅಂಚಿಗೆ ತರಲೆಂದು ಕೇರಿಯ ಹನ್ನೆರಡು ಗಂಡಾಳುಗಳು ಬೆಳಿಗ್ಗೆಯೇ ಬಂದು ಕೂತಿದ್ದರು. ಅವರಲ್ಲಿ ಒಬ್ಬ ಮಾತ್ರ ನಗಲಿಲ್ಲ. ಅವನು ಹನಮವ್ವನ ತಮ್ಮ ಭೀಮಶ್ಯಾ. ಇಪ್ಪತ್ತೆರಡು ವರ್ಷದಿಂದ ಗೌಡರ ಮನೆಯಲ್ಲಿ ವರ್ಷದಾಳಾಗಿ ದುಡಿದವನಿಗೆ ಗೌಡರ ಹೆಸರು ಕಿವಿಗೆ ಬಿದ್ದರೆ ಸಾಕು, ತುಟಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಚಪ್ಪಲಿಯ ಮಾತು ಸುಳ್ಳಲ್ಲ. ಕೆಲಸ ಶುರುವಾದ ಮೊದಲ ದಿನವೇ ಹನಮವ್ವ ಕಟ್ಟಪ್ಪಣೆ ಮಾಡಿದ್ದಳು: ದೋಣಿ ಹತ್ತುವವರು ಯಾರೇ ಆಗಲಿ, ಕಾಲು ತೊಳೆದು, ಒರೆಸಿಕೊಂಡು, ಬರಿಗಾಲಲ್ಲಿ ಹತ್ತಬೇಕು. ಗುರಪ್ಪಗೌಡರು ಅದನ್ನು ತಮಾಷೆಯಾಗಿ ತೆಗೆದುಕೊಂಡು ತಾವೇ ಕಾಲು ತೊಳೆದುಕೊಂಡಿದ್ದರು. ಆ ಸುದ್ದಿ ಸಂಜೆಯೊಳಗೆ ಅಗರಖೇಡದ ಎಲ್ಲ ಓಣಿ ಸುತ್ತಿ ಬಂತು. ಗೌಡರ ಅಂಗಳದಲ್ಲಿ ಚಪ್ಪಲಿ ತಲೆಯ ಮೇಲೆ ಹೊತ್ತು ನಡೆದ ಮುದುಕರು ಕೇರಿಯಲ್ಲಿ ಇನ್ನೂ ಬದುಕಿದ್ದರು. ಅವರು ಹನಮವ್ವನ ಮನೆಗೇ ಬಂದು, ಗೌಡರು ಯಾವ ಕಾಲು ಮೊದಲು ತೊಳೆದರು, ಎಡಗಾಲೋ ಬಲಗಾಲೋ ಎಂದು ಕೇಳಿಕೊಂಡು ಹೋದರು.

ಹನಮವ್ವನಿಗೆ ಈ ವಿದ್ಯೆ ಬಂದದ್ದು ಗೋವಾದಲ್ಲಿ. ಮದುವೆಯಾದ ವರ್ಷವೇ ಗಂಡನ ಜೊತೆ ಹೋದವಳು. ಗಂಡ ಸಿಮೆಂಟು ಹೊತ್ತ; ಇವಳು ದೋಣಿ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಕಸ ಹೊಡೆಯಲು ಸೇರಿದಳು. ಕಸ ಹೊಡೆಯುತ್ತಲೇ ನೋಡಿದಳು, ನೋಡುತ್ತಲೇ ಕಲಿತಳು. ಹದಿನೆಂಟು ವರ್ಷದಲ್ಲಿ ಶ್ರೀಮಂತರ ನೂರಾರು ದೋಣಿಗಳ ಸಾಗವಾನಿ ಅವಳ ಅಂಗೈ ಕೆಳಗೆ ಹಾದುಹೋಯಿತು. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು, ಎಲ್ಲರ ಹಾಗೆ ದ್ರಾಕ್ಷಿ ಕತ್ತರಿಸಲು, ಲಿಂಬೆಕಾಯಿ ಆಯಲು ಹೋಗತೊಡಗಿದಳು. ಈ ಕೈಗೆ ಇನ್ನೊಂದು ಕೆಲಸ ಗೊತ್ತಿದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಗೌಡರಿಗೆ ಅರವತ್ತು ಎಕರೆ ಕಬ್ಬು. ಕಬ್ಬು ಬೇಸರವಾಗಿ ರೆಸಾರ್ಟಿನ ಹುಚ್ಚು ಹಿಡಿಯಿತು. ಭೀಮೆಯ ದಂಡೆಗೆ ನಾಲ್ಕು ಗುಡಿಸಲು ಕಟ್ಟಿ, ಮದುವೆಗೆ ಮುಂಚೆ ಗಂಡು-ಹೆಣ್ಣು ಬಂದು ಫೋಟೋ ತೆಗೆಸಿಕೊಳ್ಳಲೆಂದು ಕರಾವಳಿಯಿಂದ ಹಳೆಯ ದೋಣಿಯೊಂದನ್ನು ಲಾರಿ ಮೇಲೆ ಹಾಕಿಸಿ ತಂದರು. ಬಿಸಿಲು ಮಳೆ ತಿಂದು ಅದರ ಹಲಗೆ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಂದುಗಳಲ್ಲಿ ಕಪ್ಪು ಬೂಸು. ಇಂಡಿಯಿಂದ ಬಂದ ಒಬ್ಬ ಬಡಿಗ ಪೇಂಟು ಬಳಿದುಬಿಡಿ ಅಂದ. ಇನ್ನೊಬ್ಬ ಮಷೀನು ಹಚ್ಚಿ ಅರ್ಧ ಇಂಚು ಹೆರೆದುಬಿಡ್ತೇನಿ ಅಂದ. ಅದೇ ಹೊತ್ತಿಗೆ ಭೀಮಶ್ಯಾ ದನದ ಕೊಟ್ಟಿಗೆಯಿಂದ ತಲೆ ಹಾಕಿ, ನಮ್ಮಕ್ಕಗ ಈ ಕೆಲಸ ಬರತೈತ್ರಿ ಎಂದು ಮೆಲ್ಲಗೆ ಹೇಳಿದ್ದ.

ಆವತ್ತು ಗೌಡರ ಕಾರು ಕೇರಿಯೊಳಗೆ ಬಂತು. ಗೌಡರು ಇಳಿದರು, ಹನಮವ್ವನ ಕಟ್ಟೆಯ ಮೇಲೆ ಕೂತರು, ಕೊಟ್ಟ ನೀರನ್ನು ಆಮೇಲೆ ಕುಡಿತೇನಿ ಎಂದು ಪಕ್ಕಕ್ಕಿಟ್ಟರು, ಕುಡಿಯಲಿಲ್ಲ. ಹೊಳೆಯ ಆಚೆ ದಂಡೆ ಮಹಾರಾಷ್ಟ್ರ. ಅಲ್ಲಿಯ ಊರಿಗೆ ಹನಮವ್ವ ಮಗಳು ಕೋಮಲಾಳನ್ನು ಕೊಟ್ಟಿದ್ದಳು. ಮಗಳು ಏಳು ತಿಂಗಳ ಬಸುರಿ. ಮುಂದಿನ ವಾರದ ಶುಕ್ರವಾರ ಕುಬಸ, ಬಸುರಿಗೆ ತವರಿನವರು ಉಡಿ ತುಂಬುವ ಶಾಸ್ತ್ರ. ತಾಯಿ ಹಸಿರು ಸೀರೆ, ಬಳೆ, ಐದು ತರದ ಬುತ್ತಿ ಕಟ್ಟಿಕೊಂಡು ಹೋಗಬೇಕು. ಇದೆಲ್ಲ ಕೇಳಿದ ಗೌಡರು ತೊಡೆ ತಟ್ಟಿದರು.

“ಶುಕ್ರವಾರನ ದೋಣಿ ನೀರಿಗಿಳೀತೈತಿ. ಮೊದಲನೇ ಸುತ್ತು ನಿಂದ, ಹನಮವ್ವ. ನಿನ್ನ ದೋಣ್ಯಾಗ ಕೂಡ್ಸಿ, ಕುಬಸದ ಬುಟ್ಟಿ ಸಮೇತ ಆ ದಂಡಿಗಿ ಇಳಸ್ತೇನಿ. ಇದು ನನ್ನ ಮಾತು.”

ಆ ಮಾತನ್ನು ಹನಮವ್ವ ಹನ್ನೊಂದು ದಿನ ತಿಂದು ಬದುಕಿದ್ದಳು. ಮಗಳಿಗೆ ಫೋನು ಮಾಡಿ ಹೇಳಿದಳು. ಮಗಳು ಅತ್ತೆಗೆ, ಅತ್ತೆ ಓಣಿಗೆ ಹೇಳಿದಳು. ಶುಕ್ರವಾರ ಆಚೆ ದಂಡೆಯಲ್ಲಿ ಬೀಗರು ವಾಲಗದವರನ್ನು ನಿಲ್ಲಿಸುವುದೆಂದು ಗೊತ್ತಾಗಿತ್ತು. ದೋಣಿಯಲ್ಲಿ ಕೂತು ಕುಬಸ ತರುವ ತಾಯಿಯನ್ನು ಆ ಊರು ಈತನಕ ನೋಡಿರಲಿಲ್ಲ.

ಆ ಹುರುಪಿನಲ್ಲೇ ಕೈ ಓಡಿತು. ಸಬಕಾರದ ನೀರು ಹಾಕಿ ಮೆತ್ತನ್ನ ಬ್ರಶ್ಶಿನಿಂದ ಕಟ್ಟಿಗೆಯ ಎಳೆಗೆ ಅಡ್ಡಡ್ಡ ಉಜ್ಜಿದಳು. ಉದ್ದಕ್ಕೆ ಉಜ್ಜಿದರೆ ಮೆತ್ತನೆಯ ಎಳೆ ಎದ್ದು ಹೋಗಿ ಗೆರೆ ಬೀಳುತ್ತದೆ. ಆಮೇಲೆ ಹುಳಿಪುಡಿ ಕಲಸಿದ ನೀರು ಸವರಿ ತೊಳೆದಳು. ಬೂದಿ ಬಣ್ಣ ಕರಗಿ ಹೋಗಿ, ಅಡಿಯಿಂದ ಹೊಸ ಬೆಲ್ಲದ ಬಣ್ಣ ಎದ್ದು ಬಂತು. ನೋಡಲು ಬಂದ ಕೇರಿಯ ಹೆಂಗಸರು ಹಲಗೆಯನ್ನು ಕೂಸಿನ ಕೆನ್ನೆ ಸವರಿದಂತೆ ಸವರಿದರು. ಮೂರು ದಿನ ಒಣಗಲು ಬಿಟ್ಟು, ಸಂಜೆಯಾದರೆ ಇಬ್ಬನಿಗೆ ತಾಡಪತ್ರಿ ಹೊದಿಸಿದಳು. ಇವತ್ತು ಗುರುವಾರ. ಬೆಳಿಗ್ಗೆ ಒಂದು ಕೈ ಸೀಲರ್, ಸಂಜೆಗೆ ಒಂದು ಕೈ, ನಾಳೆ ಸೂರ್ಯ ಹುಟ್ಟುವಾಗ ಕೊನೆಯ ಕೈ. ಅಲ್ಲಿಗೆ ಕಟ್ಟಿಗೆಯ ಬಾಯಿ ಮುಚ್ಚುತ್ತದೆ. ನೀರು, ಎಣ್ಣೆ, ಬಿಸಿಲು ಏನೂ ಒಳಗೆ ಇಳಿಯುವುದಿಲ್ಲ.

ಶ್ರೀಶೈಲಪ್ಪ ಬೂಟು ಇಟ್ಟದ್ದು ಆ ಮೊದಲ ಕೈಗೆ ಡಬ್ಬಿ ತೆರೆಯುವ ಹೊತ್ತಿಗೆ.

ಅವನು ಇಳಿಯುವಷ್ಟರಲ್ಲಿ ಗೌಡರ ಕಾರೇ ಬಂತು. ಗೌಡರ ಜೊತೆ ಚರಂತಯ್ಯ ಇಳಿದ. ಊರಿನ ವಾಸ್ತು, ಮುಹೂರ್ತ, ಬೋರಿನ ನೀರು ಎಲ್ಲ ಅವನೇ ಹೇಳುವವನು. ಕೈಯಲ್ಲಿ ತಾಮ್ರದ ಬಿಂದಿಗೆ, ಹಿಂದೆ ಒಬ್ಬ ಆಳು ಹೊತ್ತ ಬುಟ್ಟಿ: ಅರಿಷಿಣ, ಕುಂಕುಮ, ಹಾಲು ಮೊಸರು, ದೀಪದೆಣ್ಣೆ, ಆಕಳ ಗಂಜಲ.

ಹನಮವ್ವ ಏಣಿ ಇಳಿದು ಬಂದಳು. ಗೌಡರು ಅವಳ ಮುಖ ಬಿಟ್ಟು ಹೊಳೆಯ ಕಡೆ ನೋಡುತ್ತ ಮಾತು ಶುರು ಮಾಡಿದರು. ತಮಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ತಾವು ಓಣಿಗೇ ಬಂದು ಕೂತವರು ಅಂದರು. ಆದರೆ ನಾಳೆ ಬರುವವರು ದೊಡ್ಡ ದೊಡ್ಡ ಮನೆತನದವರು, ಶುಭಕಾರ್ಯದ ದೋಣಿ, ಯಾರ ಕೈಲಿ ಆಯಿತು ಎಂದು ಕೇಳುತ್ತಾರೆ, ಶುದ್ಧಿ ಮಾಡಿಸೇವಿ ಎಂದು ಹೇಳಲು ಒಂದು ಇರಲಿ ಅಂದರು. ಶುದ್ಧಿಯಾದ ಮೇಲೆ ನಿಮ್ಮವರು ಮುಟ್ಟುವುದು, ಹತ್ತುವುದು ಬೇಡ. ಅಷ್ಟೇ.

“ಮಾಡಸ್ರಿ, ನಾ ಬ್ಯಾಡ ಅಂದ್ನೇನು?” ಅಂದಳು ಹನಮವ್ವ. “ಸೀಲರ್ ಆಗಲಿ. ನಾಳಿಗಿ ಬೇಕಾದ್ರ ಗಂಜಲದಾಗ ಜಳಕಾ ಮಾಡಸ್ರಿ. ಈಗ ಬ್ಯಾಡ. ಬಾಯಿ ತಗದ ಕಟ್ಟಿಗಿ ಐತಿ. ಅರಿಷಿಣ ಬಿತ್ತಂದ್ರ ಕುಡದ ಬಿಡತೈತಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಂಗಿಲ್ಲ.”

ಚರಂತಯ್ಯ ಕಣ್ಣು ಮುಚ್ಚಿ ತಲೆಯಾಡಿಸಿದ. “ಅದು ಆಗೂದಿಲ್ಲ. ಸೀಲರ್ ಬಳದ ಮ್ಯಾಲ ತೀರ್ಥಾ ಒಳಗ ಹೋಗೂದಿಲ್ಲ. ಮೈಲಿಗಿ ಒಳಗ ಉಳದು ಮ್ಯಾಲ ಮುಚ್ಚಳಾ ಹಾಕಿದಂಗ ಆಗತೈತಿ. ಬರೇ ಕಟ್ಟಿಗಿ ಮ್ಯಾಲನ ಆಗಬೇಕು.”

ಹನಮವ್ವ ಅವನನ್ನು ಮೆಚ್ಚಿಗೆಯಿಂದ ನೋಡಿದಳು. “ಅಯ್ಯಾರ ಮಾತ ಖರೇ ಐತಿ ನೋಡ್ರಿ. ಸೀಲರ್ ಬಳದ್ರ ಏನೂ ಒಳಗ ಹೋಗಂಗಿಲ್ಲ. ಅದಕ್ಕ ಬಳೀತಾರ ಅದನ್ನ.”

ಆಳುಗಳು ಮತ್ತೆ ನಕ್ಕರು. ಅವಳು ಗೌಡರ ಕಡೆ ತಿರುಗಿ, ಶುದ್ಧಿ ಈಗ ಮಾಡಿಸಿದರೆ ಆಮೇಲೆ ಸೀಲರ್ ಬಳಿಯುವವರು ಯಾರು ಎಂದು ಕೇಳಿದಳು. ಅದಕ್ಕೂ ಅವರು ತಯಾರಾಗಿಯೇ ಬಂದಿದ್ದರು. ಶ್ರೀಶೈಲಪ್ಪ ಗುಡಿಸಲಿನ ಹಿಂದಿನಿಂದ ಹದಿನೈದು ಅಡಿ ಉದ್ದದ ಬಿದಿರ ಗಳ ತಂದ. ಅದರ ತುದಿಗೆ ಗೋಡೆ ಬಳಿಯುವ ಬ್ರಶ್ಶು ಕಟ್ಟಿತ್ತು. ಹನಮವ್ವ ನೆಲದ ಮೇಲೆ ನಿಂತು, ದೋಣಿಯನ್ನು ಮುಟ್ಟದೆ, ಆ ಗಳದಿಂದ ಬಳಿಯಬೇಕು.

“ನನ್ನ ಸುತ್ತು?” ಅಂದಳು ಅವಳು. “ನಾಳಿ ಕುಬಸ ಐತಿ, ಗೌಡ್ರ.”

“ಬಸ್ಸಿಗಿ ಹೋಗು. ಎರಡ ಬಸ್ ಬದಲ ಮಾಡಿದ್ರಾತು. ಚಾರ್ಜ್ ನಾನ ಕೊಡ್ತೇನಿ.”

ಹನಮವ್ವನ ಸಿಟ್ಟು ಇಡೀ ಊರಿಗೆ ಗೊತ್ತಿತ್ತು. ಅವಳು ಸುಮ್ಮನಾಗುವುದನ್ನು ಯಾರೂ ನೋಡಿರಲಿಲ್ಲ. ಈಗ ನೋಡಿದರು. ಗೌಡರಿಗೆ ಅದು ಒಪ್ಪಿಗೆಯಂತೆ ಕಂಡಿರಬೇಕು, ಗಳ ಹಿಡಿ ಅಂದರು. ಅವಳು ಹಿಡಿಯಲಿಲ್ಲ. ಮೊದಲು ಮ್ಯಾನೇಜರು ಹೇಗೆಂದು ಬಳಿದು ತೋರಿಸಲಿ, ನಾನು ನೋಡಿ ಕಲಿಯುತ್ತೇನೆ ಅಂದಳು.

ಶ್ರೀಶೈಲಪ್ಪ ಆ ಮಾತನ್ನು ನಿಜವೆಂದೇ ನಂಬಿದ. ಗುಡಿಸಲಿನ ಪಕ್ಕ ಬಿದ್ದಿದ್ದ ತಗಡಿನ ಹಾಳೆ ಹಾಸಿ, ಅದರ ಮೇಲೆ ಬಳಿದು ತೋರಿಸುತ್ತೇನೆ ಎಂದು ಡಬ್ಬಿಯಲ್ಲಿ ಬ್ರಶ್ಶು ಅದ್ದಿ ಗಳ ಎತ್ತಿದ. ಗಳದ ತುದಿ ಬಾಗಿತು. ಬ್ರಶ್ಶು ಒಮ್ಮೆ ಆಕಾಶ ನೋಡಿ, ಒಮ್ಮೆ ಹೊಳೆ ನೋಡಿ, ಸುಯ್ಯನೆ ತಿರುಗಿ ಚರಂತಯ್ಯನ ಬೆಳ್ಳನೆಯ ಶಲ್ಯದ ಮೇಲೆ ಕೂತಿತು. ಕೂತಿದ್ದಷ್ಟೇ ಅಲ್ಲ, ಅಂಟಿಕೊಂಡಿತು. ಶ್ರೀಶೈಲಪ್ಪ ಗಳ ಎಳೆದ. ಶಲ್ಯ ಬಂತು, ಶಲ್ಯದ ಜೊತೆ ಅಯ್ಯನೂ ಎರಡು ಹೆಜ್ಜೆ ಬಂದ.

ಹನ್ನೊಂದು ಮಂದಿ ಹೊಟ್ಟೆ ಹಿಡಿದುಕೊಂಡು ಮಣ್ಣಿನ ಮೇಲೆ ಕುಸಿದರು. ಈ ಸಲ ಭೀಮಶ್ಯಾನ ತುಟಿಯೂ ಒಂಚೂರು ಸಡಿಲವಾಯಿತು.

“ನಗತೀರೇನಲೇ ಸೂಳಿಮಕ್ಕಳ?” ಗೌಡರು ಕೂಗಿದರು. ಅರ್ಧ ಗಂಟೆಯಿಂದ ಮೆತ್ತಗಿದ್ದ ದನಿಯಲ್ಲ ಅದು. “ತಲಿ ಮ್ಯಾಲ ಕೂಡ್ಸಿದ್ದ ತಪ್ಪಾತು. ಕಾಲ ತೊಳಕೋ ಅಂದ್ರ ತೊಳಕೊಂಡೆ. ಒಂದ ಹೆಂಗಸಿನ ಕಡಿಂದ ನಿಮ್ಮ ಓಣಿ ಪೂರಾ ನನ್ನ ಮ್ಯಾಲ ಹತ್ತಾಕ ನೋಡ್ತೈತಿ. ಮುಟ್ಟಿದ್ದ ಮೈಲಿಗಿ, ಆತಿಲ್ಲೋ? ಬಾಯಿ ಬಿಟ್ಟ ಹೇಳ್ಬೇಕಾಗಿತ್ತೇನು?”

ನಗೆ ನಿಂತಿತು. ಹನಮವ್ವ ಏಣಿಯ ಬುಡದಲ್ಲಿದ್ದ ತನ್ನ ಬ್ರಶ್ಶು, ಒರೆಸುವ ಅರಿವೆ, ಗೋವಾದಿಂದ ತಂದ ಉಸುಕಿನ ಕಾಗದ ಸುತ್ತಿ ಉಜ್ಜುವ ಕಟ್ಟಿಗೆಯ ಗಟ್ಟಿ, ಮೂರನ್ನೂ ಸೆರಗಿನಲ್ಲಿ ಕಟ್ಟಿದಳು. ಡಬ್ಬಿ ನಿಮ್ಮದು, ಬ್ರಶ್ಶು ನಂದು ಎಂದಳು. ಅರಿಷಿಣ ಬ್ಯಾಡ ಎಂದು ಇನ್ನೊಮ್ಮೆ ಹೇಳಿದಳು. ಅದು ಗೌಡರಿಗೆ ಹೇಳಿದ್ದಲ್ಲ. ಬೆಲ್ಲದ ಬಣ್ಣದ ಆ ಹಲಗೆಯನ್ನು ನೋಡಿ ಬಾಯಿಂದ ತಾನಾಗಿ ಬಂತು. ಆಮೇಲೆ ಕೇರಿಯ ದಾರಿ ಹಿಡಿದಳು. ಹಿಂದೆ ಗಂಟೆ ಬಾರಿಸುವ ಸದ್ದು, ಮಂತ್ರ ಶುರುವಾದದ್ದು ಕೇಳಿಸಿತು.

ಮನೆಗೆ ಹೋಗಿ ಮಗಳಿಗೆ ಫೋನು ಹಚ್ಚಿದಳು. ದೋಣಿ ಇಲ್ಲ ಅಂದಳು. ಯಾಕೆಂದು ಮಗಳು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದಳು. ಅತ್ತೆಯ ಮುಂದೆ, ಓಣಿಯ ಮುಂದೆ ಮಗಳ ಮುಖ ಸಣ್ಣದಾಗುತ್ತದೆ ಎಂಬುದೊಂದೇ ಹನಮವ್ವನನ್ನು ಚುಚ್ಚಿದ್ದು.

“ಅವ್ವಾ, ನಾ ದೋಣಿಗಿ ಕುಬಸ ಮಾಡ್ಕೊಳ್ಳಾಕತ್ತಿಲ್ಲ. ನೀ ಬಾ. ಹೆಂಗರ ಬಾ. ಇವತ್ತ ಬಾ.”

ಹರಿಗೋಲಿಗೆ ಬರ್ತೇನಿ ಎಂದು ಫೋನಿಟ್ಟು, ಅರ್ಧ ತಾಸಿನಲ್ಲಿ ಹನಮವ್ವ ಬುಟ್ಟಿ ಕಟ್ಟಿದಳು. ಹಸಿರು ಸೀರೆ, ಬಳೆ, ಕರದಂಟು, ಶೇಂಗಾ ಹೋಳಿಗೆ. ತನ್ನ ಎರಡು ಸೀರೆ, ಇದ್ದ ನಾಲ್ಕು ಕಾಗದಪತ್ರವನ್ನೂ ಕೈಚೀಲಕ್ಕೆ ಹಾಕಿದಳು. ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಪಕ್ಕದ ಮನೆಯ ರೇವವ್ವನಿಗೆ ಕೊಟ್ಟಳು. ಎಷ್ಟು ದಿನಕ್ಕೆ ಎಂದು ರೇವವ್ವ ಕೇಳಿದರೆ, ಕೋಳಿ ನಿನ್ನ ಕಡೆಯೇ ಇರಲಿ ಅಂದಳು.

ಮೀನು ಹಿಡಿಯುವ ಸಿದ್ದರಾಯನ ಹರಿಗೋಲು ನಿಲ್ಲುವುದು ಗೌಡರ ರೆಸಾರ್ಟಿನ ಕೆಳಗೆ. ದೋಣಿಯ ಪಕ್ಕದಲ್ಲೇ ಹಾದು ಹೋಗಬೇಕು. ಹಾದು ಹೋಗುವಾಗ ಅವಳು ನಿಂತಳು. ನಿಲ್ಲದೆ ಇರಲು ಆಗಲಿಲ್ಲ.

ಶುದ್ಧಿ ಮುಗಿದಿತ್ತು. ಚೆಲ್ಲಿದ ಅರಿಷಿಣದ ನೀರು ಹಲಗೆಯ ನಡುವೆ ಹೊಲದ ಕಾಲುವೆಯಂತೆ ಹರಿದು ಇಂಗಿತ್ತು. ದೀಪದೆಣ್ಣೆ ಬಿದ್ದಲ್ಲಿ ಎಮ್ಮೆಯ ಮೈಯಷ್ಟು ಕಪ್ಪು. ಕುಂಕುಮ ಸಂದುಸಂದಿನಲ್ಲಿ ಇಳಿದು, ಯಾರೋ ಎಲೆಅಡಿಕೆ ಜಗಿದು ಉಗುಳಿದ ಹಾಗೆ ಕಾಣುತ್ತಿತ್ತು. ಶ್ರೀಶೈಲಪ್ಪ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದ. ಒರೆಸಿದಷ್ಟೂ ಹಳದಿ ಅಗಲವಾಗುತ್ತಿತ್ತು. ಅವನ ಬೂಟು ಈಗ ಕೆಳಗಿತ್ತು.

“ಭೀಮಶ್ಯಾ,” ಗೌಡರು ಕೂಗುತ್ತಿದ್ದರು, “ಹತ್ತಿ ಒಂದೀಟ ತಿಕ್ಕಲೇ. ನಿಮ್ಮಕ್ಕ ಹೆಂಗ ತಿಕ್ತಿದ್ದಳೋ ಹಂಗ.”

ಭೀಮಶ್ಯಾ ಕೂತಲ್ಲಿಂದ ಏಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಗೌಡರು ಕರೆದಾಗ ಅವನು ಏಳದೇ ಇದ್ದದ್ದು ಇದೇ ಮೊದಲು. ಅದು ಅವನಿಗೂ ಹೊಸದಾಗಿದ್ದರಿಂದ ಮಾತು ತಡವರಿಸಿ ಬಂತು.

“ಮುಟ್ಟಬಾರದಂತಲ್ರಿ, ಗೌಡ್ರ. ಶುದ್ಧಿ ಆಗೇತಿ.”

“ದಿಮ್ಮಿ ಹಾಕ್ರಿ ಮದಲ. ದೋಣಿ ನೀರಿನ ಸನೇಕ ಹೋಗಲಿ.”

“ಅದನ್ನೂ ಮುಟ್ಟಬೇಕಾಗತೈತಿ,” ಅಂದ ಇನ್ನೊಬ್ಬ. ಅವನು ಬೀಡಿ ಹಚ್ಚಿದ. ಪಕ್ಕದವನಿಗೂ ಒಂದು ಕೊಟ್ಟ.

ಗೌಡರು ಹನ್ನೆರಡು ಮುಖಗಳನ್ನೂ ಒಂದೊಂದಾಗಿ ನೋಡಿದರು. ಟ್ರ್ಯಾಕ್ಟರು ತರಿಸುತ್ತೇನೆ ಅಂದರು. ಟ್ರ್ಯಾಕ್ಟರಿನ ಡ್ರೈವರೂ ತಮ್ಮ ಓಣಿಯವನೇ, ಅಗೋ ಅಲ್ಲಿ ಬೀಡಿ ಸೇದುತ್ತಿದ್ದಾನೆ ಎಂದು ಆಳುಗಳೇ ತೋರಿಸಿಕೊಟ್ಟರು. ಡ್ರೈವರು ಕೈ ಎತ್ತಿ ನಮಸ್ಕಾರ ಮಾಡಿದ.

ಆಗ ಗೌಡರಿಗೆ ಬುಟ್ಟಿ ಹೊತ್ತ ಹನಮವ್ವ ಕಂಡಳು. ಓಡಿಯೇ ಬಂದರು. ಸಿಟ್ಟಿನಲ್ಲಿ ಒಂದು ಮಾತು ಹೆಚ್ಚು ಕಡಿಮೆ ಆಗಿರುತ್ತದೆ ಅಂದರು. ಇಷ್ಟು ದೂರ ತಂದ ಕೆಲಸ, ನೀನೇ ಕೈಬಿಟ್ಟರೆ ಹೇಗೆ ಅಂದರು. ಈ ಕಲೆ ತೆಗೆಯಲು ಇನ್ನೇನಾದರೂ ಪುಡಿ ಇರಬೇಕು, ಗೋವಾದಿಂದಲೇ ತರಿಸುತ್ತೇನೆ ಅಂದರು. ನಾಳೆಯ ಮೊದಲ ಸುತ್ತು ನಿನ್ನದೇ, ಮುಂದಿನ ಕುರ್ಚಿಯ ಮೇಲೇ ಕೂಡಿಸುತ್ತೇನೆ, ಬೇಕಾದರೆ ವಾಲಗವನ್ನು ಇಲ್ಲಿಂದಲೇ ಹಚ್ಚಿಸುತ್ತೇನೆ ಅಂದರು. ಹನಮವ್ವ ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಿಂದ ಹಿಡಿದುಕೊಂಡೇ ನಿಂತು ಕೇಳಿದಳು. ಅವಳ ಕಣ್ಣು ಮತ್ತೆ ಹಲಗೆಯ ಮೇಲೆ ಹೋಯಿತು. ಇನ್ನೊಮ್ಮೆ ತೊಳೆದು, ಹುಳಿಪುಡಿ ಹಾಕಿ, ಉಸುಕಿನ ಕಾಗದ ಹಿಡಿದು ಉಜ್ಜಿದರೆ ಮುಕ್ಕಾಲು ಪಾಲು ಕಲೆಯನ್ನಾದರೂ ಹೊರಗೆ ತರಬಹುದು ಎಂದು ಅವಳ ಕೈ ಲೆಕ್ಕ ಹಾಕುತ್ತಿತ್ತು. ಒಂದು ಗಳಿಗೆ ಕಾಲು ಏಣಿಯ ಕಡೆ ತಿರುಗಿಯೂ ಬಿಟ್ಟಿತು.

“ಬರಲಿ, ಮಾಡಲಿ,” ಎಂದು ಹಿಂದಿನಿಂದ ಚರಂತಯ್ಯ ಅಂಟಿದ ಶಲ್ಯ ಬಿಡಿಸಿಕೊಳ್ಳುತ್ತ ಹೇಳಿದ. “ಮುಗದ ಮ್ಯಾಲ ಇನ್ನೊಮ್ಮೆ ಶುದ್ಧಿ ಮಾಡಿದ್ರಾತು.”

ಹನಮವ್ವ ನಕ್ಕಳು. ಬುಟ್ಟಿ ಕುಲುಕುವಷ್ಟು ಜೋರಾಗಿ ನಕ್ಕಳು. ಭೀಮಶ್ಯಾ ಎದ್ದು ಬಂದು ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡು, ನೀರಿನ ಕಡೆ ಮುಂದೆ ನಡೆದ. ಅವಳು ಅವನ ಹಿಂದೆ ಇಳಿದಳು. ಗೌಡರು ಹನಮವ್ವಾ ಎಂದು ಎರಡು ಸಲ, ಹನಮಿ ಎಂದು ಒಂದು ಸಲ ಕರೆದರು.

ಹರಿಗೋಲಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಿದ್ದರಾಯ ಹುಟ್ಟು ಹಾಕಿ ದಂಡೆಯಿಂದ ದೂಡಿದ. ನಡುನೀರಿಗೆ ಬರುವ ಹೊತ್ತಿಗೆ, ತಿರುಗಿ ಕರೆದುಕೊಂಡು ಹೋಗಲು ಯಾವಾಗ ಬರಲಿ ಎಂದು ಕೇಳಿದ.

“ಬರಬ್ಯಾಡ,” ಅಂದಳು. “ಮಗಳ ಹೆರಿಗಿ ಅಲ್ಲೇ ಸೊಲ್ಲಾಪುರದಾಗ ಮಾಡಸ್ತೇನಿ. ಆಮ್ಯಾಲ ಗೋವಾದ ಬಸ್ ಅಲ್ಲಿಂದನ ಸಿಗತೈತಿ.”

ನಡುಹೊಳೆಯ ಸೆಳವಿಗೆ ಹರಿಗೋಲು ತನ್ನ ಗುಣದಂತೆ ಒಂದು ಸುತ್ತು ಗಿರ್‍ರನೆ ತಿರುಗಿತು. ಬಿಟ್ಟು ಬಂದ ದಂಡೆ ಬೇಡವೆಂದರೂ ಕಣ್ಣಿಗೆ ಬಿತ್ತು: ದಿಮ್ಮಿಗಳ ಮೇಲೆ ಹಳದಿ ಬೆನ್ನಿನ ದೋಣಿ, ಫೋನು ಕಿವಿಗಿಟ್ಟು ಅಡ್ಡಾಡುವ ಗೌಡರು, ಒಬ್ಬೊಬ್ಬರೇ ಎದ್ದು ಧೋತರದ ಮಣ್ಣು ಕೊಡವಿಕೊಂಡು ಊರಿನ ದಾರಿ ಹಿಡಿದ ಆಳುಗಳು. ಅವಳ ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಸಿದ್ದರಾಯ ಹುಟ್ಟನ್ನು ಇನ್ನೊಂದು ಬದಿಗೆ ಒತ್ತಿದ. ಹರಿಗೋಲು ತಿರುಗಿ ನೆಟ್ಟಗಾಯಿತು. ಮುಂದೆ ಆಚೆ ದಂಡೆಯ ಕಬ್ಬಿನ ನಡುವಿನ ಕಾಲುದಾರಿಯಲ್ಲಿ, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಅವಸರ ಮಾಡಬೇಡವೆಂದು ಕೂಗುವ ಅತ್ತೆಯನ್ನು ಹಿಂದೆ ಬಿಟ್ಟು, ಕೋಮಲಾ ನೀರಿನ ಕಡೆ ಇಳಿದು ಬರುತ್ತಿದ್ದಳು.